ಕಪ್ಪಿನ ಮೇಲೆ ಕಪ್ಪು

ನಮ್ಮ ಓಣಿಯಲ್ಲಿ ಬೆಳಿಗ್ಗೆ ಎದ್ದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು, "ಇವತ್ತು ಯಾವ ಬಣ್ಣ?" ಎಂದು. ಕೇಳುವುದು ನಲ್ಲಿಯ ನೀರಿನ ಬಣ್ಣವನ್ನು.

ಓಣಿಯ ಮೇಲ್ತುದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇದೆ. ಅದರ ಹೊಲಸು ನೀರು ಓಣಿಯ ನಡುವಿನ ತೆರೆದ ಚರಂಡಿಯಲ್ಲಿ ಹರಿಯುತ್ತದೆ. ಕುಡಿಯುವ ನೀರಿನ ಕೊಳವೆಯನ್ನು ಅದೇ ಚರಂಡಿಯ ತಳದಲ್ಲಿ ಹಾಸಿದ್ದಾರೆ. ಕೊಳವೆ ತುಕ್ಕು ಹಿಡಿದು ತೂತು ಬಿದ್ದಿದೆ. ಕಾರ್ಖಾನೆಯಲ್ಲಿ ಹಸಿರು ಅದ್ದಿದ ದಿನ ನಮ್ಮ ಬಿಂದಿಗೆಯಲ್ಲಿ ಹಸಿರು. ಕೆಂಪು ಅದ್ದಿದ ದಿನ ಕೆಂಪು. ಸೋಸಿದರೆ ಸೋಸುವ ಬಟ್ಟೆಗೆ ಬಣ್ಣ ಹತ್ತುತ್ತದೆ, ನೀರನ್ನು ಬಿಡುವುದಿಲ್ಲ. ಕುದಿಸಿದರೆ ನಾತ ಹೆಚ್ಚುತ್ತದೆ. ಕೂಸುಗಳಿಗೂ ಅದನ್ನೇ ಕುಡಿಸುತ್ತೇವೆ.

ಆ ಬಣ್ಣ ಅದ್ದುವವರೂ ನಾವೇ. ಮೊಣಕೈವರೆಗೆ ತೊಟ್ಟಿಯಲ್ಲಿ ಮುಳುಗಿಸಿ ಬಟ್ಟೆಯನ್ನು ತಿರುವಬೇಕು, ಎತ್ತಬೇಕು, ಹಿಂಡಬೇಕು. ಕೈಗವಸು ಕೊಡುವುದಿಲ್ಲ. ಕೇಳಿದರೆ, ಗವಸು ಹಾಕಿದ ಕೈಗೆ ಬಟ್ಟೆಯ ಹದ ತಿಳಿಯುವುದಿಲ್ಲ ಎಂದು ಮೇಸ್ತ್ರಿ ಹೇಳುತ್ತಾನೆ. ಉಗುರಿನ ಸಂದಿಯಲ್ಲಿ, ಗೆಣ್ಣಿನ ಮಡಿಕೆಯಲ್ಲಿ, ಅಂಗೈಯ ಗೆರೆಗಳಲ್ಲಿ ಬಣ್ಣ ಕೂತು ಚರ್ಮವೇ ಆಗುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವರು ಕೈ ತೆಗೆಯುತ್ತಾರೆ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಾನೆ. ನಮ್ಮನ್ನು ಊರು ಕರಿಗೈಯವರು ಎಂದು ಕರೆಯುತ್ತದೆ.

ನಾನು ತೊಟ್ಟಿ ಬಿಟ್ಟು ಬಹಳ ಕಾಲವಾಯಿತು. ಎದೆ ಕೆಟ್ಟಿತು, ಬಿಟ್ಟೆ. ಕೈ ಮಾತ್ರ ಇನ್ನೂ ಹಾಗೇ ಇದೆ. ಅಕ್ಕನ ಮನೆಯ ಜಗಲಿಯ ಮೇಲೆ ಕೂತು ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ.

ನನ್ನ ಹತ್ತಿರ ಲೆಕ್ಕ ಕಲಿತವರಲ್ಲಿ ಅಕ್ಕನ ಮೊಮ್ಮಗಳು ಒಬ್ಬಳು. ಕೊಂಕಿ ಎಂದು ಅವಳನ್ನು ಕರೆಯುತ್ತಾರೆ. ನೆಟ್ಟಗೆ ಒಂದು ಮಾತಾಡಿದವಳಲ್ಲ. ತಾಯಿ ಸತ್ತ ಮೇಲೆ ತಾಯಿಯ ತೊಟ್ಟಿಗೇ ಹೋಗಿ ನಿಂತಳು. ಗಂಡ ಲಾರಿಯ ಜೊತೆ ಊರೂರು ತಿರುಗುವವನು. ಕಂಕುಳಲ್ಲಿ ಒಂದು ಗಂಡು ಕೂಸು. ಕೂಸಿನ ನಾಲಿಗೆ ಯಾವಾಗ ನೋಡಿದರೂ ಹಿಂದಿನ ದಿನದ ಬಣ್ಣ. ಹೊಟ್ಟೆ ಉಬ್ಬಿ, ಕಾಲು ಕಡ್ಡಿಯಾಗಿ, ನಡೆಯುವ ವಯಸ್ಸಾದರೂ ಅದು ನಡೆಯುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಗಾಯಕ್ಕೆ ಮದ್ದು ಹಾಕುವ ನರ್ಸಮ್ಮ ಅದರ ಕಣ್ಣಿನ ರೆಪ್ಪೆ ಎಳೆದು ನೋಡಿ, "ನೀರು ಬದಲಾಯಿಸದೆ ಔಷಧಿ ಕೊಟ್ಟರೆ ದುಡ್ಡು ದಂಡ. ಇನ್ನೊಂದು ವರ್ಷ ಈ ನೀರು ಕುಡಿದ್ರೆ ಮಗು ಉಳಿಯಲ್ಲ" ಎಂದಿದ್ದಳು.

ಆ ನರ್ಸಮ್ಮನೇ ಈ ಸಲವೂ ವಾರ್ಡಿನ ಚುನಾವಣೆಗೆ ನಿಂತಿದ್ದಳು. ಅವಳ ಬಾಯಲ್ಲಿ ಒಂದೇ ಮಾತು: ಕೊಳವೆಯನ್ನು ಚರಂಡಿಯಿಂದ ಮೇಲಕ್ಕೆತ್ತಿಸುತ್ತೇನೆ. ಎದುರಿಗೆ ಕಾರ್ಖಾನೆಯ ಧಣಿಯ ಭಾವಮೈದುನ. ಎಷ್ಟೋ ವರ್ಷದಿಂದ ಸ್ಥಾನ ಅವನದೇ. ಹಿಂದಿನ ಸಲ ನರ್ಸಮ್ಮ ಸೋತ ಅಂತರ ನಮ್ಮ ಓಣಿಯ ಮತಗಳಿಗಿಂತ ಕಡಿಮೆ. ಓಣಿಯ ಮತಗಳು ಆ ಸಲ ಪೆಟ್ಟಿಗೆಯೊಳಗೆ ಬೀಳಲೇ ಇಲ್ಲ. ಮತಗಟ್ಟೆಯಲ್ಲಿ ಬೆರಳು ನೋಡಿ, "ಇಲ್ಲಿ ಆಗಲೇ ಮಸಿ ಇದೆ, ತೊಳೆದುಕೊಂಡು ಬನ್ನಿ" ಎಂದು ಹೊರಗೆ ನೂಕಿದ್ದರು. ಅದರ ಹಿಂದಿನ ಸಲವೂ ಹಾಗೇ. ತೊಳೆದರೆ ಹೋಗುವ ಬಣ್ಣವಾಗಿದ್ದರೆ ಯಾರು ಆ ಬಟ್ಟೆಯನ್ನು ಕೊಳ್ಳುತ್ತಿದ್ದರು?

ನಮ್ಮ ಕರ್ಮಕ್ಕೆ ಚುನಾವಣೆಯ ಮುನ್ನಾದಿನ ಯಾವಾಗಲೂ ಕಪ್ಪು ಬಣ್ಣದ ಕೆಲಸವೇ ಬೀಳುತ್ತಿತ್ತು. ತಿಳಿ ಬಣ್ಣಗಳಾದರೆ ಅಷ್ಟಿಷ್ಟು ಬಿಡುತ್ತವೆ. ಕಪ್ಪು ಬಿಡುವುದಿಲ್ಲ. ಓಣಿಯವರು ಅದಕ್ಕೊಂದು ಅರ್ಥ ಕಟ್ಟಿಕೊಂಡಿದ್ದರು. ಚುನಾವಣೆಯಲ್ಲಿ ಒಬ್ಬರಿಗೊಬ್ಬರು ಕಪ್ಪು ಬಾವುಟ ತೋರಿಸಬೇಕಲ್ಲ, ಆ ಬಾವುಟದ ಬಟ್ಟೆ ಇದು ಎಂದು. "ಅವರ ಮುಖಕ್ಕೆ ತೋರಿಸೋ ಬಾವುಟ ನಾವೇ ಅದ್ದಿದ್ದು" ಎಂದು ನಗುತ್ತ ಮೊಣಕೈ ಮುಳುಗಿಸುತ್ತಿದ್ದರು. ಅದರಲ್ಲೊಂದು ಹೆಮ್ಮೆ ಬೇರೆ.

ಮತದಾನಕ್ಕೆ ಮೂರು ದಿನ ಇರುವಾಗ ಭಾವಮೈದುನ ಓಣಿಗೆ ಬಂದ. ಬಿಳಿ ಅಂಗಿ, ಬಿಳಿ ಚಪ್ಪಲಿ. ಚರಂಡಿ ದಾಟುವಾಗ ಇಬ್ಬರು ಅವನ ರಟ್ಟೆ ಹಿಡಿದುಕೊಂಡರು. ಅವನು ದೂರದಿಂದಲೇ ಕೈಮುಗಿಯುತ್ತ ಬಂದ. ನನ್ನ ಅಕ್ಕನಿಗೆ ಕಣ್ಣು ಮಂಜು. ಯಾರೋ ದೊಡ್ಡವರು ಬಂದರೆಂದು ಎದ್ದು ಅವನ ಎರಡೂ ಕೈಗಳನ್ನು ಹಿಡಿದೇಬಿಟ್ಟಳು.

"ನಮ್ಮಪ್ಪಾ, ನೀರೊಂದು ಸರಿ ಮಾಡಿಸು" ಎಂದಳು.

"ಆಗುತ್ತೆ ಅಜ್ಜಿ, ಆಗುತ್ತೆ" ಎಂದು ಅವನು ಕೈ ಬಿಡಿಸಿಕೊಂಡ.

ಜಗಲಿಯ ಮೇಲಿಂದ ನಾನು ಓಣಿಯ ತಿರುವಿನವರೆಗೂ ನೋಡಬಲ್ಲೆ. ತಿರುವಿನಲ್ಲಿ ಅವನ ಕಾರಿತ್ತು. ಹಿಂಬಾಲಕನೊಬ್ಬ ಬಾಟಲಿಯ ಮುಚ್ಚಳ ತಿರುವಿ ನೀರು ಸುರಿದ. ಇನ್ನೊಬ್ಬ ಸೋಪು ಹಿಡಿದ. ಭಾವಮೈದುನ ಬೆರಳುಗಳ ಸಂದಿ ಸಂದಿ ಉಜ್ಜಿ ತೊಳೆದ. ತೊಳೆದು ಮೂಸಿ ನೋಡಿದ. ಮತ್ತೊಮ್ಮೆ ತೊಳೆದ. ಆ ನೀರು ನಮ್ಮ ಚರಂಡಿಗೇ ಬಿತ್ತು. ಅಂದು ನಮ್ಮ ಚರಂಡಿಗೆ ಬಿದ್ದ ತಿಳಿನೀರು ಅದೊಂದೇ.

ನನಗೆ ಹೇಸಿಗೆಯಾಯಿತು. ಆದರೆ ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಆ ಸಂಜೆ, ನಮ್ಮ ಹುಡುಗರ ಮಾತಿಗೆ.

ಜಗಲಿಯ ಕೆಳಗೆ ನಾಲ್ಕಾರು ಜನ ಸೇರಿದ್ದರು. ಅವರಲ್ಲಿ ಒಬ್ಬ ಸೀಟಿ. ಮಾತಿಗೆ ಮೊದಲು ಶಿಳ್ಳೆ ಹಾಕುವವನು. ತೊಟ್ಟಿಯಲ್ಲಿ ದಿನವಿಡೀ ಬೆಂದು ಬಂದರೂ ಜೇಬಿನಲ್ಲಿ ಬಾಚಣಿಗೆ, ಅಂಗೈಯಗಲದ ಕನ್ನಡಿ. ಮುಖದ ಮೇಲೆ ಅವನಿಗೆ ಬಲು ಮೋಹ.

"ಈ ಸಲ ಎಲ್ಲರೂ ಹೋಗಬೇಕು" ಎಂದೆ ನಾನು.

"ಎಲ್ಲಿಗೆ ತಾತ? ಕಳ್ಳರಲ್ಲಿ ಒಳ್ಳೆ ಕಳ್ಳ ಯಾರು ಅಂತ ಆರಿಸೋಕಾ?" ಎಂದ ಸೀಟಿ.

"ನರ್ಸಮ್ಮ ಕಳ್ಳಿಯಾ?"

"ಇವತ್ತಿಗೆ ಅಲ್ಲ. ಕುರ್ಚಿ ಮೇಲೆ ಕೂತ ಮೇಲೆ ಆಗ್ತಾಳೆ. ಕುರ್ಚಿಗೆ ಅಂಟು ರೋಗ ಇದೆ ತಾತ."

ಎಲ್ಲರೂ ನಕ್ಕರು. ಕೊಂಕಿ ಕೂಸಿನ ಬಾಯಿ ಒರೆಸುತ್ತ ಬಾಗಿಲಲ್ಲಿ ಕೂತಿದ್ದಳು. ನಾನು ಅವಳ ಮುಖ ನೋಡಿದೆ.

"ನನ್ನ ಯಾಕೆ ನೋಡ್ತೀಯ? ಅಜ್ಜಿ ಹಿಂದಿನ ಸಲ ಬ್ಲೀಚಿಂಗ್ ಪುಡಿ ಹಾಕ್ಕೊಂಡು ಕೈ ಉಜ್ಜಿ ಉಜ್ಜಿ ಸಿಪ್ಪೆ ಸುಲಿದ ಹಾಗೆ ಸುಲ್ಕೊಂಡಳು. ಆದರೂ ಒಳಗೆ ಬಿಟ್ಟರಾ? ನಾಯಿ ಓಡಿಸಿದ ಹಾಗೆ ಓಡಿಸಿದರು. ಮತ್ತೆ ಹೋಗಿ ನಿಲ್ಲೋಕೆ ನನಗೇನು ಮಾನ ಮೂರುಕಾಸಿಗೆ ಹೋಗಿದೆಯಾ? ನನ್ನ ಒಂದು ವೋಟಿಗೆ ಬೆಲೆ ಎಷ್ಟು? ನೀನೇ ಲೆಕ್ಕ ಹೇಳು. ಸೊನ್ನೆ. ಸೊನ್ನೆ ಹಿಡ್ಕೊಂಡು ಲೈನಲ್ಲಿ ನಿಲ್ಲಬೇಕಾ?"

"ಭೇಷ್!" ಎಂದು ಸೀಟಿ ಶಿಳ್ಳೆ ಹಾಕಿದ.

ಚರಂಡಿಯ ದಂಡೆಯಲ್ಲಿ ಕೂತು, ಅದರ ನಾತ ಕುಡಿಯುತ್ತ, ತಮ್ಮ ಸೋಲನ್ನೇ ಜಾಣತನವೆಂದು ಬಗೆದು ನಗುವವರಿಗೆ ಯಾವ ಉತ್ತರ ಹೇಳುವುದು? ಆ ನಗು ಧಣಿಗೆ ಕೇಳಿಸಿದ್ದರೆ ಅವನಿಗೆ ನೆಮ್ಮದಿಯ ನಿದ್ದೆ ಬರುತ್ತಿತ್ತು.

ಮುನ್ನಾದಿನ ಎಂದಿನಂತೆ ಕಪ್ಪು ಬಂತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ತೊಟ್ಟಿಯವರಿಗೆ ಕೂಲಿ ಅದ್ದಿದ ತುಂಡಿನ ಮೇಲೆ. ಯಾರದು ಯಾವ ತುಂಡು ಎಂದು ತಿಳಿಯಲು ಪ್ರತಿಯೊಬ್ಬರೂ ಬಟ್ಟೆಯ ಮೂಲೆಯ ದಾರಗಳನ್ನು ಹೊಸೆದು ತಮ್ಮದೇ ಒಂದು ಗಂಟು ಹಾಕುತ್ತಾರೆ. ಒಬ್ಬರ ಗಂಟು ಇನ್ನೊಬ್ಬರದರಂತೆ ಇರುವುದಿಲ್ಲ. ಒಣಗಿದ ಬಟ್ಟೆ ಮೇಲಿನ ಅಂತಸ್ತಿಗೆ ಹೋಗುತ್ತದೆ. ಅಲ್ಲಿ ಮಡಚುವವರು ಗಂಟು ಬಿಚ್ಚಿ, ಮೂಲೆ ಕತ್ತರಿಸಿ, ಮಡಚಿ ಕಟ್ಟುತ್ತಾರೆ. ಮಡಚುವವರ ಕೈ ಬೆಳ್ಳಗಿರಬೇಕು. ಅವರು ನಮ್ಮ ಓಣಿಯವರಲ್ಲ. ಮಾರಾಟಕ್ಕೆ ಹೋಗುವ ಬಟ್ಟೆಯಲ್ಲಿ ಗಂಟು ಉಳಿಯುವುದಿಲ್ಲ.

ಕಪ್ಪಿನ ದಿನ ಬಟ್ಟೆ ಬಿಳಿಯದಾಗಿ ಬರುವುದಿಲ್ಲ. ಆಗಲೇ ಒಮ್ಮೆ ಅದ್ದಿದ್ದು ಬರುತ್ತದೆ. ಕಪ್ಪು ಎರಡು ಅದ್ದು ಬೇಡುವ ಬಣ್ಣ. ಒಂದೇ ಅದ್ದಿಗೆ ಬೂದು ಬಣ್ಣವಾಗಿ ಕಾಣುತ್ತದೆ. "ಮೊದಲನೇ ಅದ್ದು ಬೇರೆ ಕಡೆ ಆಗಿದೆ, ಎರಡನೇದು ನಿಮ್ಮದು" ಎಂದು ಮೇಸ್ತ್ರಿ ಹೇಳುತ್ತಿದ್ದ. ಕಸುಬು ಬಲ್ಲವರಿಗೆ ಅದು ಸರಿಯಾದ ಮಾತೇ. ಕಸುಬು ತಿಳಿಯದವನಾಗಿದ್ದರೆ ಕಪ್ಪು ಬಟ್ಟೆಗೆ ಮತ್ತೆ ಕಪ್ಪು ಯಾಕೆ ಎಂದು ಮೊದಲ ದಿನವೇ ಕೇಳುತ್ತಿದ್ದ. ಮೂಲೆಯಲ್ಲಿ ಗಂಟು ತಗುಲಿದರೂ ಮೊದಲ ಅದ್ದಿನವರದೆಂದು ಬಿಡಿಸಿ ನೋಡುತ್ತಿರಲಿಲ್ಲ. ನಾವು ಕೇಳಲಿಲ್ಲ, ಏಕೆಂದರೆ ನಮಗೆ ಗೊತ್ತಿತ್ತು.

ಕೊಂಕಿ ಅಂದು ತೊಟ್ಟಿಯ ಅಂಚಿನಲ್ಲಿ ನಿಂತು ಒಂದು ತುಂಡನ್ನು ಬಿಡಿಸಿದಳು. ಮೂಲೆಯಲ್ಲಿ ತನ್ನ ಗಂಟು ಹಾಕಲು ಬೆರಳು ಹೋಯಿತು. ಅಲ್ಲಿ ಆಗಲೇ ಒಂದು ಗಂಟಿತ್ತು. ಕಪ್ಪಾಗಿ, ಗಟ್ಟಿಯಾಗಿ, ಇಲಿ ಕಡಿದು ಅರ್ಧ ಉಳಿದದ್ದು. ಮೂರು ಎಳೆ ಹೊಸೆದು, ನಡುವಿನ ಎಳೆಯನ್ನು ಹಿಂದಕ್ಕೆ ತಿರುವಿ, ಕಿವಿಯ ಹಾಗೆ ಬಿಟ್ಟ ಗಂಟು.

ಅವಳ ತಾಯಿಯ ಗಂಟು.

ತಾಯಿ ಸತ್ತು ವರ್ಷಗಳಾಗಿದ್ದವು. ಹಿಂದಿನ ಚುನಾವಣೆಯ ಮುನ್ನಾದಿನ ಅವಳು ಬದುಕಿದ್ದಳು. ಆ ದಿನ ಇದೇ ತೊಟ್ಟಿಯಲ್ಲಿ ಕಪ್ಪು ಅದ್ದಿದ್ದಳು.

ಇದು ನಾನು ಕಂಡದ್ದಲ್ಲ. ಸಂಜೆ ಅವಳು ಬಂದು ನನ್ನ ಮುಂದೆ ನಿಂತಾಗ ತಿಳಿದದ್ದು. ಕೈಗಳು ಮೊಣಕೈವರೆಗೆ ಹಸಿ ಕಪ್ಪು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಮೂಲೆಯನ್ನು ತೆಗೆದು ಜಗಲಿಯ ಮೇಲೆ ಇಟ್ಟಳು.

"ಇದು ಯಾರದು ಹೇಳು."

ನಾನು ನೋಡಿದೆ. ಮಂಜುಗಣ್ಣಿನ ಅಕ್ಕ ಬೆರಳಿನಲ್ಲಿ ತಡವಿದಳು. ತಡವಿದವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಕೂತುಬಿಟ್ಟಳು.

"ಬರೀ ಅಮ್ಮಂದಲ್ಲ," ಎಂದಳು ಕೊಂಕಿ. "ಹುಡುಕಿದೆ. ಮೂಲೆಮನೆ ಚಿಕ್ಕಪ್ಪಂದು ಇತ್ತು. ಆ ಕುಂಟಜ್ಜಿದು ಇತ್ತು. ಎಲ್ಲ ಸತ್ತೋರ ಗಂಟು. ಮೇಸ್ತ್ರೀನ ಕೇಳ್ದೆ, ಇದು ಹಳೇ ಬಟ್ಟೆ ಅಲ್ವಾ ಅಂತ. 'ನಿನಗ್ಯಾಕೆ, ಅದ್ದು ಅಂದರೆ ಅದ್ದು' ಅಂದ. ಈ ಬಟ್ಟೆ ಎಲ್ಲೂ ಹೋಗಿಲ್ಲ ತಾತ. ಗೋದಾಮಲ್ಲಿ ಇಲಿ ಕೈಲಿ ಕಡಿಸ್ಕೊಂಡು ಬಿದ್ದಿತ್ತು. ಚುನಾವಣೆ ಬಂದಾಗ ಈಚೆ ತೆಗೀತಾರೆ, ಅದ್ದಿಸ್ತಾರೆ, ಮತ್ತೆ ಒಳಗೆ ಹಾಕ್ತಾರೆ. ಇದು ಬಾವುಟಾನೂ ಅಲ್ಲ, ಮಣ್ಣೂ ಅಲ್ಲ. ಬಟ್ಟೆಗೆ ಬಣ್ಣ ಹಾಕ್ತಿಲ್ಲ ಅವನು. ನಮ್ಮ ಬೆರಳಿಗೆ ಹಾಕ್ತಿದಾನೆ."

ಸೀಟಿ ಶಿಳ್ಳೆ ಹಾಕಲು ತುಟಿ ಮುಂದೆ ಮಾಡಿದ್ದವನು ಹಾಗೇ ನಿಂತ.

ಕೊಂಕಿ ತನ್ನ ಕೈಗಳನ್ನು ತಾನೇ ನೋಡಿಕೊಂಡಳು. ಯಾರದೋ ಹೊಲಸನ್ನು ಮುಟ್ಟಿದವಳ ಹಾಗೆ ಮೈಯಿಂದ ದೂರ ಹಿಡಿದಿದ್ದಳು.

"ತಾತ, ಆ ಧಣಿ ಎಂಥವನು? ತೊಟ್ಟಿಗೆ ಉಪ್ಪು ಹಾಕುವಾಗ ಒಂದು ಹರಳು ಕೆಳಗೆ ಬಿದ್ದರೆ ಹೆಕ್ಕಿಸೋನು. ಬಣ್ಣದ ಡಬ್ಬ ತೊಳೆದ ನೀರನ್ನೂ ಬಿಡಲ್ಲ, ತೊಟ್ಟಿಗೇ ಸುರಿಸ್ತಾನೆ. ಅಂಥವನು ತೊಟ್ಟಿಗಟ್ಟಲೆ ಕಪ್ಪನ್ನ ದಂಡ ಮಾಡ್ತಾನೆ. ನಮಗೆ ದಿನದ ಕೂಲೀನೂ ಕೊಡ್ತಾನೆ. ಯಾತಕ್ಕೆ? ನನ್ನ ವೋಟು ಸೊನ್ನೆ ಆಗಿದ್ದರೆ ಅದನ್ನ ಕದಿಯೋಕೆ ಇಷ್ಟು ಖರ್ಚು ಮಾಡ್ತಿದ್ನಾ?"

ಲೆಕ್ಕವನ್ನು ಅವಳೇ ಬಿಡಿಸಿದ್ದಳು.

"ನಾವು ಹೋಗೋದೇ ಬೇಡ ಅಂತ ಕೂತಿದ್ವಲ್ಲ," ಎಂದ ಸೀಟಿ ಮೆಲ್ಲಗೆ. "ನಮ್ಮಂಥವರ ಕೈಗೆ ಅವನು ಬಣ್ಣ ದಂಡ ಮಾಡೋದೇ ಬೇಕಿರಲಿಲ್ಲ."

"ಥೂ" ಎಂದಳು ಕೊಂಕಿ. ಧಣಿಗೋ, ಸೀಟಿಗೋ, ತನಗೋ ತಿಳಿಯಲಿಲ್ಲ. ಮೂವರಿಗೂ ಸಲ್ಲುವ ಉಗುಳು.

ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ಇದ್ದಿಲು ಕರಗಿದಂಥ ನೀರು ಬಂತು. ಕೂಸು ಕುಡಿದು ವಾಂತಿ ಮಾಡಿತು. ಕೊಂಕಿ ಅದರ ಎದೆಯನ್ನು ಒರೆಸಿ, ಕಂಕುಳಿಗೇರಿಸಿಕೊಂಡು ಮತಗಟ್ಟೆಗೆ ಹೊರಟಳು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ನಾನು. ಹಿಂದೆ ಓಣಿಯ ಹಿರಿಯರು. ಹುಡುಗರು ಬರುತ್ತಾರೋ ಇಲ್ಲವೋ ಎಂದು ನಾನು ಹಿಂದಿರುಗಿ ನೋಡಲಿಲ್ಲ.

ಮತಗಟ್ಟೆ ಒಂದು ಶಾಲೆಯ ಕೋಣೆ. ಬಾಗಿಲ ಹೊರಗೆ ಮೇಸ್ತ್ರಿ ಒಂದು ಪ್ಲಾಸ್ಟಿಕ್ ಬೋಗುಣಿಯಲ್ಲಿ ಬ್ಲೀಚಿಂಗ್ ಪುಡಿ ಕಲಸಿಟ್ಟು ನಿಂತಿದ್ದ. ಪಕ್ಕದಲ್ಲಿ ತೆಂಗಿನ ನಾರು. ನಗುಮುಖ.

"ಬನ್ನಿ ಬನ್ನಿ. ನಿಮಗೆ ತೊಂದರೆ ಆಗಬಾರದು ಅಂತ ಧಣಿಗಳೇ ಕಳಿಸಿದ್ದು. ಚೆನ್ನಾಗಿ ಉಜ್ಜಿ, ಒಳಗೆ ಹೋಗಿ."

ಹಿಂದಿನ ದಿನ ಮಸಿ ಬಳಿದವನು ಇಂದು ತೊಳೆಯಲು ನೀರು ಕಳಿಸಿದ್ದ.

ಅಕ್ಕನಿಗೆ ಅಭ್ಯಾಸ. ಯಾರೂ ತಡೆಯುವ ಮೊದಲೇ ಕೂತು ಬೋಗುಣಿಯಲ್ಲಿ ಕೈ ಅದ್ದಿದಳು. ನಾರು ತೆಗೆದುಕೊಂಡು ಉಜ್ಜಿದಳು. ಹಳೆಯ ಗಾಯಗಳ ಮೇಲಿನ ತೆಳು ಚರ್ಮ ಎದ್ದಿತು. ಬೋಗುಣಿಯ ನೀರು ನಸುಗೆಂಪಾಯಿತು. ಕಪ್ಪು ಹೋಗಲಿಲ್ಲ. ಅವಳು ಕೈಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಇನ್ನೂ ಇದೆಯೇನೇ?" ಎಂದು ಮೊಮ್ಮಗಳನ್ನು ಕೇಳಿದಳು. ಮತ್ತೆ ಉಜ್ಜಿದಳು.

ಕೊಂಕಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿದಳು. ಬೋಗುಣಿಯನ್ನು ಕಾಲಿನಿಂದ ಒದ್ದಳು. ಅದು ಮೇಸ್ತ್ರಿಯ ಪ್ಯಾಂಟಿನ ಮೇಲೆ ಚೆಲ್ಲಿ, ಉರುಳಿ, ಗೋಡೆಗೆ ಬಡಿಯಿತು.

"ಯಾರೂ ತೊಳ್ಕೊಬೇಡಿ" ಎಂದಳು. "ಹೀಗೇ ಹೋಗೋಣ."

ಒಳಗೆ ಮೇಜಿನ ಹಿಂದೆ ಕನ್ನಡಕದ ಅಧಿಕಾರಿ. ನಿದ್ದೆಗೆಟ್ಟ ಮುಖ. ಕೆಟ್ಟವನಂತೆ ಕಾಣಲಿಲ್ಲ, ಹೆದರಿದವನಂತೆ ಕಂಡ. ಪಕ್ಕದ ಕುರ್ಚಿಯಲ್ಲಿ ಭಾವಮೈದುನನ ಏಜೆಂಟ್ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಕೊಂಕಿ ಎಡಗೈ ಮುಂದೆ ಚಾಚಿದಳು. ಅಧಿಕಾರಿ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಬೆರಳನ್ನು ಎತ್ತಿ ನೋಡಿದ.

"ಬೆರಳಲ್ಲಿ ಆಗಲೇ ಮಸಿ ಇದೆ ಸಾರ್" ಎಂದ ಏಜೆಂಟ್.

"ಹೌದಮ್ಮ, ಕಪ್ಪಿದೆ. ನೀವು ಮೊದಲೇ ವೋಟು ಹಾಕಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ತೊಳ್ಕೊಂಡು ಬನ್ನಿ."

ಕೊಂಕಿ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ಕಪ್ಪು ಮೊಣಕೈ ದಾಟಿತ್ತು.

"ಸಾಹೇಬ್ರೇ, ನಿಮ್ಮ ಶಾಯಿ ಬುಡ್ಡಿ ಎಷ್ಟು ದೊಡ್ಡದು?"

"ಏನು?"

"ಇಲ್ಲೀವರೆಗೂ ಕಪ್ಪಿದೆ. ನಾನು ಮೊದಲೇ ವೋಟು ಹಾಕಿದ್ದರೆ ನಿಮ್ಮ ಬುಡ್ಡೀಲಿ ತೋಳು ಅದ್ದಿರಬೇಕಲ್ಲ. ತೋರಿಸಿ ಬುಡ್ಡಿ. ಹಿಡಿಯುತ್ತಾ ನೋಡೋಣ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿದ.

"ತಮಾಷೆ ಬೇಡಮ್ಮ. ಪಕ್ಕಕ್ಕೆ ನಿಲ್ಲಿ. ಹಿಂದಿನವರು ಬರಲಿ."

"ನಿಲ್ಲಲ್ಲ."

"ಪೊಲೀಸರನ್ನ ಕರೀಬೇಕಾಗುತ್ತೆ."

"ಕರೀರಿ. ಅವರಾದರೂ ಕೈ ಹಿಡೀತಾರೆ. ನೀವು ಪೆನ್ನಲ್ಲಿ ಮುಟ್ತೀರ."

ಅವಳು ಬಾಗಿಲಿಗೆ ಅಡ್ಡವಾಗಿ ನಿಂತಳು. ಅವಳ ಹಿಂದೆ ಓಣಿಯವರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಅವರ ಹಿಂದೆ ಬೆಳ್ಳಗಿನ ಕೈಯವರ ಸಾಲು ಬೆಳೆಯತೊಡಗಿತು. ಬಿಸಿಲು ಏರಿತು. ಬೈಗುಳ ಬಂತು. "ಇವರದ್ದು ಯಾವಾಗಲೂ ಇದೇ ಗೋಳು", "ಎಳೆದು ಹಾಕ್ರೀ ಆಚೆಗೆ", "ನಾತ ತಡೆಯೋಕೆ ಆಗ್ತಿಲ್ಲ". ಓಣಿಯವರು ಕದಲಲಿಲ್ಲ. ಅಕ್ಕನ ಬೆರಳುಗಳಿಂದ ತೊಟ್ಟಿಕ್ಕುತ್ತಿದ್ದ ರಕ್ತ ಹೊಸ್ತಿಲ ಕಲ್ಲಿನ ಮೇಲೆ ಬೀಳುತ್ತಿತ್ತು. ಎಲ್ಲರಿಗೂ ಅದು ಕಾಣುತ್ತಿತ್ತು. ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಕೊನೆಗೆ ಸಾಲಿನ ನಡುವಿನಿಂದ ಒಬ್ಬ ಹೆಂಗಸು ಕೂಗಿದಳು. ಕಾರ್ಖಾನೆಯ ಮೇಲಿನ ಅಂತಸ್ತಿನಲ್ಲಿ ಬಟ್ಟೆ ಮಡಚುವವಳು.

"ಸಾರ್, ಅದು ಮಸಿ ಅಲ್ಲ. ಬಟ್ಟೆ ಬಣ್ಣ. ಅವರು ಅದ್ದಿದ್ದನ್ನೇ ನಾನು ದಿನಾ ಮಡಚೋದು. ನಿಮ್ಮ ಮೈ ಮೇಲಿರೋ ಅಂಗೀನೂ ಅವರೇ ಅದ್ದಿರಬಹುದು. ಬೇಗ ಒಳಗೆ ಬಿಡಿ!"

ಏಜೆಂಟ್ ಅವಳ ಕಡೆ ತಿರುಗಿ, "ನಾಳೆ ಕೆಲಸಕ್ಕೆ ಬರ್ತೀಯಲ್ಲ" ಎಂದ.

"ಬರ್ತೀನಿ. ಏನೀಗ?" ಎಂದಳು ಆಕೆ. ಹಿಂದೆ ಸರಿಯಲಿಲ್ಲ.

ಅಧಿಕಾರಿ ತನ್ನ ಅಂಗಿಯನ್ನು ಒಮ್ಮೆ ನೋಡಿಕೊಂಡ. ನೀಲಿ ಅಂಗಿ. ಆಮೇಲೆ ಸೋತ ದನಿಯಲ್ಲಿ ಕೊಂಕಿಯನ್ನು ಕೇಳಿದ, "ಸರಿ, ನಾನು ಗುರುತು ಹಾಕೋದಾದರೂ ಎಲ್ಲಿ? ಈ ಕೈ ಮೇಲೆ ಹಾಕಿದರೆ ಕಾಣೋದೇ ಇಲ್ಲ. ಗುರುತಿಲ್ಲದೆ ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ."

ಕೊಂಕಿ ಬಾಗಿಲಿನಿಂದ ಬಂದು ಮೇಜಿನ ಮೇಲೆ ಬಗ್ಗಿ ಮುಖವನ್ನು ಅವನ ಮುಂದೆ ಹಿಡಿದಳು.

"ಇಲ್ಲಿ ಹಾಕಿ. ಕೆನ್ನೆ ಮೇಲೆ. ನೋಡಿ, ಇಲ್ಲಿ ಯಾವ ಮಸೀನೂ ಇಲ್ಲ."

"ಮುಖದ ಮೇಲಾ? ಅಮ್ಮಾ, ಇದು ವಾರಗಟ್ಟಲೆ ಹೋಗಲ್ಲ."

"ಇದು ಸಾಯೋವರೆಗೂ ಹೋಗಲ್ಲ" ಎಂದು ಕೊಂಕಿ ಕೈ ತೋರಿಸಿದಳು. "ಹಾಕಿ."

"ರೂಲ್ಸ್ ಪ್ರಕಾರ ಇದು..." ಎಂದು ಏಜೆಂಟ್ ಎದ್ದ.

"ನೀವು ಕೂತ್ಕೊಳ್ಳಿ" ಎಂದ ಅಧಿಕಾರಿ. ಅಂದು ಅವನು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಎಡಗೈಯಿಂದ ಅವಳ ಗಲ್ಲ ಹಿಡಿದ. ಬರಿಗೈಯಿಂದಲೇ ಹಿಡಿದ. ಕಡ್ಡಿಯಿಂದ ಕೆನ್ನೆಯ ಮೇಲೆ ಒಂದು ಗೆರೆ ಎಳೆದ.

ಅಕ್ಕನ ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಗೆರೆ ನೇರ ಬರಲಿಲ್ಲ. ನನ್ನ ಗಡ್ಡದ ಬಿಳಿ ಕೂದಲಿನ ನಡುವೆ ಜಾಗ ಹುಡುಕಬೇಕಾಯಿತು. ಹೊರಗೆ ಬಂದಾಗ ಸೀಟಿ ರಸ್ತೆಯ ಆಚೆ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದ. ಜೊತೆಗೆ ಉಳಿದ ಹುಡುಗರು.

"ಏನೋ, ಕನ್ನಡಿ ನೋಡ್ಕೋಬೇಕಾ ಮೊದಲು?" ಎಂದಳು ಕೊಂಕಿ.

ಅವನು ನಿಜವಾಗಿಯೂ ಕನ್ನಡಿ ತೆಗೆದು ಮುಖ ನೋಡಿಕೊಂಡ. ಜೇಬಿಗೆ ಹಾಕಿದ. "ಬಲಗೆನ್ನೆ ಮೇಲೆ ಹಾಕಿಸ್ಕೊತೀನಿ. ಎಡಗಡೆಯಿಂದ ನಾನು ಚೆನ್ನಾಗಿ ಕಾಣ್ತೀನಿ" ಎಂದು ರಸ್ತೆ ದಾಟಿ ಸಾಲಿನ ಕೊನೆಯಲ್ಲಿ ನಿಂತ. ಹುಡುಗರೆಲ್ಲ ಅವನ ಹಿಂದೆ ನಿಂತರು.

ಮರುದಿನ ಕಾರ್ಖಾನೆಯ ಗೇಟಿನಲ್ಲಿ ಧಣಿಯೇ ನಿಂತಿದ್ದ. ಅವನು ಗೇಟಿಗೆ ಬರುವವನಲ್ಲ. ಒಂದೊಂದು ಮುಖ ಹತ್ತಿರ ಬಂದಂತೆ ಅವನ ಮುಖ ಗಂಟಾಗುತ್ತ ಹೋಯಿತು. ಪಕ್ಕದಲ್ಲಿ ಮೇಸ್ತ್ರಿ. ಅವನ ಕೈಯಲ್ಲಿ ಅದೇ ಬೋಗುಣಿ.

"ಏನಿದು ವೇಷ? ಈ ಮುಖ ಇಟ್ಕೊಂಡು ಯಾರೂ ಒಳಗೆ ಬರಬೇಡಿ. ತೊಳ್ಕೊಂಡು ಬನ್ನಿ" ಎಂದ ಧಣಿ.

ನಾನು ಗೇಟಿನ ಆಚೆ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ಕೊಂಕಿ ಸೊಂಟದಿಂದ ಕಪ್ಪು ಬಟ್ಟೆಯ ಮೂಲೆಯನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದು ಯಾರ ಗಂಟು ಹೇಳಿ ಧಣಿ. ಹೇಳಿದರೆ ತೊಳ್ಕೊತೀವಿ."

"ಯಾವ ಗಂಟು? ಎಂಥ ಗಂಟು?"

ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ತನ್ನ ಕಾರ್ಖಾನೆಯಲ್ಲಿ ಬಟ್ಟೆಯ ಮೂಲೆಗೆ ಗಂಟು ಹಾಕುತ್ತಾರೆಂಬುದೇ ತಿಳಿದಿರಲಿಲ್ಲ. ತಿಳಿದಿದ್ದರೆ ಬಿಚ್ಚಿಸಿ ಇಡುತ್ತಿದ್ದ. ತೊಟ್ಟಿಯ ಹತ್ತಿರ ಬಂದು ಒಮ್ಮೆಯಾದರೂ ನಿಂತವನಿಗೆ ಅದು ತಿಳಿಯುತ್ತಿತ್ತು.

"ಇದು ನಮ್ಮಮ್ಮಂದು. ನಿಮ್ಮ ತೊಟ್ಟಿ ಹೊಗೆ ಕುಡಿದು ಸತ್ತಳಲ್ಲ, ಅವಳದು. ಸತ್ತ ಮೇಲೂ ಅವಳು ಅದ್ದಿದ ಬಟ್ಟೇನ ನನ್ನ ಕೈಲಿ ಮತ್ತೆ ಅದ್ದಿಸಿದಿರಿ. ಯಾತಕ್ಕೆ ಅಂತ ನಿಮಗೂ ಗೊತ್ತು, ಈಗ ನಮಗೂ ಗೊತ್ತು. ಸತ್ತೋರ ಗಂಟನ್ನೂ ಬಿಡಲಿಲ್ಲವಲ್ಲ ನೀವು. ಹೊಟ್ಟೆಗೆ ಏನು ತಿಂತೀರಿ?"

ಧಣಿ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಬೋಗುಣಿಯ ಕಡೆ ನೋಡಿದ.

"ತೊಳೆದವರಿಗೆ ಕೆಲಸ. ತೊಳೆಯದವರಿಗೆ ಇಲ್ಲ" ಎಂದ ಧಣಿ.

ಕೊಂಕಿ ಗಂಟನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದಳು. ಸೀಟಿ ತಿರುಗಿದ. ಅವರ ಹಿಂದೆ ಎಲ್ಲರೂ ತಿರುಗಿದರು. ಬೋಗುಣಿಯ ಹತ್ತಿರ ಒಬ್ಬರೂ ಹೋಗಲಿಲ್ಲ. ಮೇಲಿನ ಅಂತಸ್ತಿನ ಕಿಟಕಿಯಲ್ಲಿ ಮಡಚುವ ಹೆಂಗಸರು ನಿಂತು ನೋಡುತ್ತಿದ್ದರು.

ಅಂದು ತೊಟ್ಟಿಗಳ ಕೆಳಗೆ ಬೆಂಕಿ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಓಣಿಯ ಒಲೆಗಳೂ ಅರ್ಧಕ್ಕರ್ಧ ಉರಿಯಲಿಲ್ಲ. ನರ್ಸಮ್ಮ ಮನೆ ಮನೆಗೆ ಬಂದು ಕೂಸುಗಳಿಗಷ್ಟು ಹಾಲಿನ ಪುಡಿ ಕೊಟ್ಟಳು. ಗೆಲ್ಲುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನು ಇದನ್ನು ಬರೆಯುವಾಗ ಎಣಿಕೆ ಇನ್ನೂ ಆಗಿಲ್ಲ. ಪೆಟ್ಟಿಗೆಗಳು ಬೀಗದೊಳಗಿವೆ. ಈ ಸಲ ಅವುಗಳಲ್ಲಿ ನಾವೂ ಇದ್ದೇವೆ. ನಾನು ಖಚಿತವಾಗಿ ಹೇಳಬಹುದಾದದ್ದು ಅಷ್ಟೇ.

ಎರಡನೆಯ ದಿನ ಸಂಜೆ ನಲ್ಲಿ ಬಂತು. ಅಕ್ಕ ಒಳಗಿನಿಂದಲೇ ಕೇಳಿದಳು, "ಇವತ್ತು ಯಾವ ಬಣ್ಣ?"

ಕೊಂಕಿ ಬಿಂದಿಗೆಯೊಳಗೆ ಬಗ್ಗಿ ನೋಡುತ್ತಿದ್ದಳು.

"ಏನೇ, ಬಾಯಿ ಬಿದ್ದು ಹೋಯ್ತಾ?"

"ತಾತ, ಬಾ ಇಲ್ಲಿ. ಈ ಬಿಂದಿಗೆ ತಳದಲ್ಲಿ ಬೆಸುಗೆ ಇದೆ."

"ನಿಮ್ಮಮ್ಮ ಹಾಕಿಸಿದ್ದು. ನೀನು ಹುಟ್ಟೋ ಮೊದಲು."

"ಒಂದು ದಿನಾನೂ ಕಂಡಿರಲಿಲ್ಲ."

ಅವಳು ಬೊಗಸೆ ತುಂಬಿ ಎತ್ತಿದಳು. ನೀರಿನ ಮೂಲಕ ಅವಳ ಕಪ್ಪು ಅಂಗೈಯ ಗೆರೆಗಳು ಕಂಡವು. ಮೂಸಿ ನೋಡಿದಳು. ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸಿದಳು. ಅದು ಇನ್ನೂ ಬೇಕೆಂದು ಬಾಯಿ ತೆರೆಯಿತು. ಮತ್ತೆ ಕುಡಿಸಿದಳು. ಉಳಿದ ನೀರಿನಲ್ಲಿ ಕೂಸಿನ ಮುಖ ತೊಳೆದಳು, ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ.

ತನ್ನ ಮುಖವನ್ನು ತೊಳೆಯಲಿಲ್ಲ.